ಚಿಕ್ಕಮಾದುವಿನ ಕಣ್ಣಿನ ಅಟ್ಟ

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಹನಕೆರೆ ಚಿಕ್ಕಮಾದುವನ್ನು ಅರಿಯದವರಿರಲಿಲ್ಲ. ಅವನಿಗೆ ಬರುತ್ತಿದ್ದ ವಿದ್ಯೆ ಒಂದೇ. ಲಾರಿಯ ಮೇಲೆ ನಿಂತು, ಕೆಳಗಿನಿಂದ ಎಸೆದ ಎಳನೀರನ್ನು ಹಿಡಿದು ಜೋಡಿಸುವುದು. ಎಸೆಯುತ್ತಿದ್ದವನು ಅದೇ ಊರಿನ ಜವರಯ್ಯ, ಇವನಿಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಜವರಯ್ಯ ಎರಡು ಕೈಯಲ್ಲಿ ಎರಡು ಕಾಯಿ ಎತ್ತಿ ತೂರಿದರೆ ಚಿಕ್ಕಮಾದು ಬಲಗೈಗೊಂದು ಎಡಗೈಗೊಂದು ಹಿಡಿದು, ಬಗ್ಗಿ ಜೋಡಿಸಿ, ಮತ್ತೆ ತಲೆಯೆತ್ತುವಷ್ಟರಲ್ಲಿ ಮುಂದಿನ ಜೋಡಿ ಗಾಳಿಯಲ್ಲಿರುತ್ತಿತ್ತು. ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ಕೆಲಸದ ಹೊತ್ತಿನಲ್ಲಿ ಇಬ್ಬರೂ ಮಾತಾಡುತ್ತಿರಲಿಲ್ಲ. ಮಾತಾಡುವ ಅಗತ್ಯವೂ ಬೀಳುತ್ತಿರಲಿಲ್ಲ.

ಈ ವಿದ್ಯೆಗೆ ಯಾವ ಸರ್ಕಾರವೂ ಪ್ರಶಸ್ತಿ ಇಟ್ಟಿಲ್ಲವಾದ್ದರಿಂದ ಚಿಕ್ಕಮಾದು ತನಗೆ ತಾನೇ ಒಂದನ್ನು ಕೊಟ್ಟುಕೊಂಡಿದ್ದ. ಟೀ ಅಂಗಡಿಯ ಮುಂದೆ ನಿಂತು, "ನಾನು ನೋಡಿ ಇಡಿಯೋನಲ್ಲ ಕಣ್ರಲಾ. ಕಾಯಿ ಬರೋ ಸದ್ದು ಕೇಳ್ಕಂಡೇ ಇಡೀತೀನಿ" ಎನ್ನುತ್ತಿದ್ದ. ಕಾಯಿಗೆ ಸದ್ದಿರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಇನ್ನೊಂದು ಅರ್ಧ ಗಂಟೆ ಅವನ ಮಾತು ಕೇಳಬೇಕಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಅವನ ಕೀರ್ತಿ ಮಂಡ್ಯದ ಶಶಿಧರ್‌ವರೆಗೂ ಮುಟ್ಟಿತು. ಶಶಿಧರ್ ಮೊದಲು ಮೊಬೈಲ್ ರಿಪೇರಿ ಮಾಡುತ್ತಿದ್ದವನು, ಆಮೇಲೆ ಮೊಬೈಲ್ ಹಿಡಿದು ಊರೂರು ತಿರುಗಿ ಶ್ರಮಜೀವಿಗಳನ್ನು ಜಗತ್ತಿಗೆ ಪರಿಚಯಿಸುವ ಸಮಾಜಸೇವೆಗೆ ಇಳಿದಿದ್ದ. ಒಂದು ಮಂಗಳವಾರ ಬೆಳಿಗ್ಗೆ ಮಾರುಕಟ್ಟೆಗೆ ಬಂದು, ಲಾರಿಯ ಬಾನೆಟ್ಟಿನ ಮೇಲೆ ಹತ್ತಿ ನಿಂತು, ಚಿಕ್ಕಮಾದುವಿನ ಕೈಚಳಕವನ್ನು ಎಡದಿಂದ, ಬಲದಿಂದ, ಮೇಲಿನಿಂದ ಚಿತ್ರಿಸಿದ. ಎಲ್ಲ ಚೆನ್ನಾಗಿಯೇ ಬಂತು. ಆದರೆ ಕಲಾವಿದನಿಗೆ ಏನೋ ಒಂದು ಕೊರತೆ ಕಂಡಿತು.

"ಅಣ್ಣಾ, ಹಂಗೇ ಹಿಡಿತಾ ಒಂದ್ಸಲ ಕ್ಯಾಮೆರಾ ಕಡೆ ತಿರುಗಿ. ಒಸಿ ನಗಿ ಅಣ್ಣಾ."

ಚಿಕ್ಕಮಾದು ತಿರುಗಿದ. ನಕ್ಕ. ಈ ಹೊಸ ಏರ್ಪಾಡನ್ನು ಕೆಳಗಿದ್ದ ಜವರಯ್ಯನಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಬಲಗೈಯ ಕಾಯಿಯನ್ನು ಚಿಕ್ಕಮಾದು ಹಿಡಿದ, ಅಷ್ಟರಮಟ್ಟಿಗೆ ಅವನ ವಿದ್ಯೆ ಸುಳ್ಳಲ್ಲ. ಎಡಗೈಗೆ ಬರಬೇಕಾದದ್ದು ಮಾತ್ರ ನೇರ ಎಡಗಣ್ಣಿಗೆ ಬಂತು.

ಹತ್ತೊಂಬತ್ತು ವರ್ಷ ಹಿಡಿದ ಕಾಯಿಗಳನ್ನು ಯಾರೂ ನೋಡಿರಲಿಲ್ಲ. ಹಿಡಿಯದ ಆ ಒಂದನ್ನು ವಾರದೊಳಗೆ ನಾಲ್ಕು ಲಕ್ಷ ಜನ ನೋಡಿದರು. ಶಶಿಧರ್ ಅದಕ್ಕೆ ಹಿನ್ನೆಲೆಯಲ್ಲಿ ತಮಟೆ ಸದ್ದು ಸೇರಿಸಿ, ಕಾಯಿ ಬಡಿಯುವ ಗಳಿಗೆಯನ್ನು ಮೂರು ಸಲ ನಿಧಾನಕ್ಕೆ ತೋರಿಸಿದ್ದ. ಕೆಳಗೆ ಜನ ನಗುವ ಮುಖಗಳನ್ನು ಒತ್ತಿದರು. ಕೊನೆಯಲ್ಲಿ ಶಶಿಧರ್ ಕೈಮುಗಿದು, "ಶ್ರಮಿಕರಿಗೆ ಗೌರವ ಕೊಡಿ" ಎಂದು ಬರೆದಿದ್ದ.

ಏಟು ಬಿದ್ದ ದಿನ ಮಾರುಕಟ್ಟೆಯಲ್ಲಿ ವೈದ್ಯರಿಗೇನೂ ಬರವಿರಲಿಲ್ಲ. ಒಬ್ಬ ಈರುಳ್ಳಿ ಜಜ್ಜಿ ಕಟ್ಟಲು ಹೇಳಿದ, ಇನ್ನೊಬ್ಬ ಐಸ್ ತಂದ, ಮೂರನೆಯವನು ಐಸ್ ಇಟ್ಟರೆ ನರ ಸಾಯುತ್ತದೆಂದು ಅದನ್ನು ಕಿತ್ತು ಎಸೆದ. ಚಿಕ್ಕಮಾದು ಎಲ್ಲರ ಮಾತಿಗೂ ಬೆಲೆ ಕೊಟ್ಟು, ಡಾಕ್ಟರ ಹತ್ತಿರ ಮಾತ್ರ ಹೋಗದೆ, ಮಧ್ಯಾಹ್ನದ ರೈಲು ಹತ್ತಿ ಹನಕೆರೆಗೆ ಬಂದು ಮಲಗಿದ.

ನಾಲ್ಕನೆಯ ದಿನ ಊತ ಇಳಿದು ಕಣ್ಣು ತೆರೆದುಕೊಂಡಿತು. ತೆರೆದ ಕಣ್ಣಿಗೆ ಮನೆಯಲ್ಲಿ ಹೆಂಡತಿಯರು ಇಬ್ಬರಿದ್ದರು, ಒಬ್ಬಳ ತಲೆಯ ಮೇಲೆ ಇನ್ನೊಬ್ಬಳು. ಇಬ್ಬರೂ ಒಂದೇ ಸಲ ಬಾಯಿ ತೆರೆದು, "ಕಾಫಿ ಬೇಕಾ?" ಎಂದರು. ನೇರ ನೋಡಿದರೆ ಒಂದು ವಸ್ತು ಒಂದೂಕಾಲಾಗಿ ಕಾಣುತ್ತಿತ್ತು, ತಲೆಯೆತ್ತದೆ ಕಣ್ಣು ಮಾತ್ರ ಮೇಲೆತ್ತಿದರೆ ಪೂರ್ತಿ ಎರಡು. ಸೂರಿನ ತೊಲೆಗಳೆಲ್ಲ ಜೋಡಿಯಾಗಿ ನಿಂತಿದ್ದವು. ಎಡಗೆನ್ನೆ ಮತ್ತು ಮೇಲ್ದುಟಿಗೆ ಸ್ಪರ್ಶವೇ ಇರಲಿಲ್ಲ; ಕಾಫಿ ಕುಡಿದರೆ ಗಲ್ಲದ ಮೇಲೆ ಇಳಿದು ಅಂಗಿ ಒದ್ದೆಯಾದ ಮೇಲೆ ಗೊತ್ತಾಗುತ್ತಿತ್ತು.

ಹೆಂಡತಿ ಶ್ವೇತ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು, ಮಾತು ಕಡಿಮೆ. ಅವಳು ಅಂದೇ, "ಮಂಡ್ಯಕ್ಕೋಗಿ ತೋರಿಸ್ಕಂಬನ್ನಿ" ಅಂದಳು. ಚಿಕ್ಕಮಾದು, "ಊತ ಇಳ್ದಂಗೆ ಇದೂ ಇಳೀತದೆ, ಬುಡು" ಅಂದ. ಹೇಳಿಕೊಳ್ಳದಿದ್ದ ಮಾತು ಬೇರೆಯದಿತ್ತು. ಎರಡೆರಡು ಕಾಣುವವನನ್ನು ಲಾರಿ ಹತ್ತಿಸುವವರು ಯಾರು? ಡಾಕ್ಟರು ಬಾಯಿಬಿಟ್ಟು ಹೇಳುವವರೆಗೆ ಅದು ಖಾಯಿಲೆಯಲ್ಲ ಎಂಬುದು ಅವನ ಲೆಕ್ಕ.

ಆರನೆಯ ದಿನ ಅವನಿಗೆ ನೆಗಡಿಯಾಯಿತು. ಹಿತ್ತಲಿಗೆ ಹೋಗಿ, ಗಂಡಸರು ಸೀಟುವ ಹಾಗೆ ಗಟ್ಟಿಯಾಗಿ ಮೂಗು ಸೀಟಿದ. ಸೀಟಿದ್ದು ಮೂಗು, ಉಬ್ಬಿದ್ದು ಕಣ್ಣು. ಎಡಗಣ್ಣಿನ ರೆಪ್ಪೆ ಕಣ್ಣೆದುರಿಗೇ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿಕೊಂಡು ಮುಚ್ಚಿಹೋಯಿತು. ಒತ್ತಿ ನೋಡಿದರೆ ಒಳಗೆ ಚರಚರ ಸದ್ದು.

ಅವನ ತಾಯಿ ದೇವಿರಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು ತೀರ್ಪು ಕೊಟ್ಟರು. "ಗಾಳಿ ಕಣಪ್ಪ. ಗಾಳಿ ಸೋಕದೆ. ಅವತ್ತು ಲಾರಿ ಮ್ಯಾಲೆ ಯಾವ್ದೋ ತಿರುಗಾಡ್ತಿತ್ತು, ನಿನ್ನ ಕಣ್ಣೊಳಕೆ ಒಕ್ಕಂಡದೆ."

ಅಂದು ಸಂಜೆಯೇ ಮಳವಳ್ಳಿ ದಾರಿಯಲ್ಲಿ ಗಾಳಿ ಬಿಡಿಸುವವನೊಬ್ಬನ ಮನೆಗೆ ಹೋದರು. ಅವನು ಬೇವಿನ ಸೊಪ್ಪಿನಿಂದ ಏಳು ಸಲ ನಿವಾಳಿಸಿ, ಗಾಳಿ ಗಂಡೋ ಹೆಣ್ಣೋ ಎಂದು ತನ್ನಷ್ಟಕ್ಕೆ ಚರ್ಚಿಸಿ, ಕೊನೆಗೆ ಹೆಣ್ಣೆಂದು ನಿರ್ಧರಿಸಿದ. ಮಾರನೆಯ ಬೆಳಿಗ್ಗೆ ಉಬ್ಬು ಅರ್ಧ ಇಳಿದಿತ್ತು. ದೇವಿರಮ್ಮ ಊರೆಲ್ಲ ಹೇಳಿ ಬರುವಷ್ಟರಲ್ಲಿ ಚಿಕ್ಕಮಾದು ಸೀನಿದ, ಕಣ್ಣು ಮತ್ತೆ ಪೂರಿಯಾಯಿತು. ಈ ಸಲ ಶ್ವೇತ ಯಾರನ್ನೂ ಕೇಳಲಿಲ್ಲ. ಶಾಲೆಗೆ ರಜೆ ಹೇಳಿ, ಗಂಡನ ತೋಳು ಹಿಡಿದು, ಮಂಡ್ಯದ ರೈಲು ಹತ್ತಿಸಿದಳು.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಅರುಂಧತಿ ಇದ್ದರು, ಮುಖದ ಮೂಳೆಗಳ ಸರ್ಜನ್. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಓದಿ, ದೂರದೂರಿನಲ್ಲಿ ತರಬೇತಿ ಮುಗಿಸಿ ಬಂದವರು. ಅವರ ತರಬೇತಿ ನಾಲಿಗೆಗೆ ತಟ್ಟಿರಲಿಲ್ಲ. ತಲೆಯ ಸ್ಕ್ಯಾನ್ ಮಾಡಿಸಿ, ಚಿತ್ರವನ್ನು ಬೆಳಕಿಗೆ ಹಿಡಿದು, "ಮೂಗು ಸೀಟ್ದಾಗ ಕಣ್ಣು ಉಬ್ತಾ?" ಎಂದರು.

"ಊ ಡಾಕ್ಟ್ರಮ್ಮ. ನಮ್ಮವ್ವ ಗಾಳಿ ಅಂತದೆ."

"ನಿಮ್ಮವ್ವ ಹೇಳಿದ್ದು ಸರಿ. ಗಾಳಿನೇ."

ಚಿಕ್ಕಮಾದು ತಬ್ಬಿಬ್ಬಾಗಿ ಹೆಂಡತಿಯ ಮುಖ ನೋಡಿದ. ಡಾಕ್ಟರು ಮುಂದುವರಿಸಿದರು: "ಕಣ್ಣು ಒಂದು ಅಟ್ಟದ ಮೇಲೆ ಕೂತದೆ ಅಂದ್ಕೊ. ಅಟ್ಟದ ಕೆಳಗೆ, ಕೆನ್ನೆ ಒಳಗೆ, ಒಂದು ಖಾಲಿ ಕೋಣೆ. ಆ ಕೋಣೆಗೂ ಮೂಗಿಗೂ ದಾರಿ ಅದೆ. ಎಳನೀರು ಬಡಿದಾಗ ಅಟ್ಟದ ಹಲಗೆ ಮುರಿದದೆ. ಅದು ಈರುಳ್ಳಿ ಸಿಪ್ಪೆಯಷ್ಟು ತೆಳು. ಅದಕ್ಕೇ ನೀನು ಮೂಗು ಸೀಟ್ದಾಗ ಗಾಳಿ ಕೆಳಗಿನ ಕೋಣೆಯಿಂದ ಮೇಲಕ್ಕೆ ನುಗ್ತದೆ. ಇನ್ನೊಂದ್ಸಲ ಸೀಟ್ದೆ ಅಂದ್ರೆ ನಾನೇ ಬಾರಿಸ್ತೀನಿ."

"ಕಣ್ಣೇ ಒಡೀಲಿಲ್ವಲ್ಲ ಡಾಕ್ಟ್ರಮ್ಮ?"

"ಒಡೀಬಾರದು ಅಂತಲೇ ಕೆಳಗಿನ ಮೂಳೆ ತಾನು ಮುರ್ಕಂಡು ಜಾಗ ಬುಡ್ತು. ನಿನ್ನ ಮೈಯಲ್ಲಿ ಬುದ್ಧಿ ಇರೋದು ಅದೊಂದು ಮೂಳೆಗೆ."

ಕಣ್ಣನ್ನು ಆಡಿಸುವ ಸ್ನಾಯುವೊಂದು ಮುರಿದ ಹಲಗೆಯ ಸಂದಿಗೆ ಸಿಕ್ಕಿಕೊಂಡಿತ್ತು. ಅದಕ್ಕೇ ಕಣ್ಣು ಮೇಲೇಳುತ್ತಿರಲಿಲ್ಲ, ಅದಕ್ಕೇ ಎರಡೆರಡು. ಸ್ನಾಯುವನ್ನು ಬಿಡಿಸಿ ಮೇಲೆತ್ತಿ, ಬಿರುಕಿನ ಮೇಲೆ ಒಂದು ಹಾಳೆ ಹಾಸಬೇಕು. ಎರಡು ವಾರ ದಾಟಿದರೆ ಎಲ್ಲ ಅಂಟಿಕೊಂಡು ಕೆಲಸ ಕಷ್ಟ. ಬಿರುಕು ಹೆಬ್ಬೆರಳಿನ ಉಗುರಿನಷ್ಟಿದ್ದುದರಿಂದ ಲೋಹದ ಜಾಲರಿ ಬೇಡ, ಕರಗುವ ಹಾಳೆ ಸಾಕು ಎಂದರು. ಒಂದು ಒಂದೂವರೆ ವರ್ಷದಲ್ಲಿ ಅದು ಮೈಯೊಳಗೇ ಕರಗಿ ಹೋಗುತ್ತದೆ, ಅಷ್ಟರಲ್ಲಿ ಅವನದೇ ಎಲುಬು, ಗಟ್ಟಿ ಪೊರೆ ಎಲ್ಲ ಸೇರಿ ಅಟ್ಟ ಕೂಡಿಕೊಳ್ಳುತ್ತದೆ.

ಆ 'ಕರಗುವ' ಎಂಬ ಪದ ಮೂರು ತಾಲ್ಲೂಕಿನ ನೆಂಟರನ್ನು ಒಗ್ಗೂಡಿಸಿತು.

ಮೊದಲು ಬಂದವರು ಶ್ವೇತಳ ತಂದೆ ಮರಿಸಿದ್ದಯ್ಯ. ಶಿವನಸಮುದ್ರದ ಕರೆಂಟು ಮನೆಯಲ್ಲಿ ಮೂವತ್ತು ವರ್ಷ ಯಂತ್ರಗಳಿಗೆ ಗ್ರೀಸು ಹಚ್ಚಿ ನಿವೃತ್ತರಾದವರು. ಹನ್ನೊಂದು ವರ್ಷದ ಹಿಂದೆ ಮೊಪೆಡ್‌ನಿಂದ ಬಿದ್ದು ಮೊಳಕಾಲಿನ ಕೆಳಗೆ ಉಕ್ಕಿನ ಸರಳು ಹಾಕಿಸಿಕೊಂಡಿದ್ದರು. ಅಂದಿನಿಂದ ಅವರ ಬಾಳಿಗೆ ಒಂದು ಅರ್ಥ ಬಂದಿತ್ತು. ಮದುವೆ ಮನೆಯಲ್ಲಿ, ತಿಥಿ ಮನೆಯಲ್ಲಿ, ಪಂಚೆ ಎತ್ತಿ ಕಾಲು ಮುಂದಿಟ್ಟು "ಮುಟ್ಟಿ ನೋಡು" ಎನ್ನುತ್ತಿದ್ದರು. ಒಮ್ಮೆ ಬೆಂಗಳೂರಿನ ಮೆಟ್ರೋ ಬಾಗಿಲಲ್ಲಿ ಯಂತ್ರ ಅವರನ್ನು ಕಂಡು ಕುಯ್ ಎಂದದ್ದು ಅವರ ಪಾಲಿಗೆ ಸರ್ಕಾರಿ ಸನ್ಮಾನ. ಚಳಿಗಾಲದಲ್ಲಿ ಆ ಕಾಲು ನೋಯುತ್ತಿದ್ದುದನ್ನು ಮಾತ್ರ ಹೇಳುತ್ತಿರಲಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಅಳಿಯನ ಮಂಚದ ತುದಿಗೆ ಕೂತು ಶುರುಮಾಡಿದರು.

"ಅಳಿದೇವ್ರೇ, ಕರಗೋದಂತೆ? ಕರಗೋಕೆ ಅದೇನು ಕೆರೆಗೆ ಬುಡೋ ಗಣೇಸನಾ? ಹಾಕಿದ್ದು ಇರ್ಬೇಕು. ನಂದು ನೋಡಿ, ಮಣ್ಣು ಮಾಡಿದ್ಮ್ಯಾಲೆ ನಾನು ಓಯ್ತೀನಿ, ಇದು ಓಗಾಕಿಲ್ಲ."

"ಮಾವ, ನಂದು ಕಣ್ಣು. ನಿಮ್ದು ಕಾಲು."

"ಮೂಳೆ ಮೂಳೆನೇ. ಬಡವ್ರು ಅಂತ ಕರಗೋ ಮಾಲು ಆಕ್ತಾರೆ. ದೊಡ್ಡೋರ್ನ ಕೇಳಿ, ಉಕ್ಕೇ ಆಕಿರ್ತಾರೆ."

ಡಾಕ್ಟರ್ ಅರುಂಧತಿ ರೌಂಡಿಗೆ ಬಂದಾಗ ಮರಿಸಿದ್ದಯ್ಯ ಅವರಿಗೂ ಕಾಲು ಮುಂದಿಟ್ಟರು. ಅವರು ಶಿಸ್ತಾಗಿ ಮುಟ್ಟಿ ನೋಡಿ, "ಚೆನ್ನಾಗದೆ ಯಜಮಾನ್ರೇ" ಎಂದರು. ಮರಿಸಿದ್ದಯ್ಯ ಗೆದ್ದವರ ಹಾಗೆ ಸುತ್ತ ನೋಡಿದರು. ಆಮೇಲೆ, "ಅಲ್ಲಮ್ಮ, ಆ ಆಳೆ ಯಾತರದ್ದು?" ಎಂದು ವಿಚಾರಣೆಗಿಳಿದರು.

ಡಾಕ್ಟರು ಆ ದಿನ ದಣಿದಿದ್ದರೇನೋ. ಸುಲಭವಾಗಿ ತಿಳಿಯಲೆಂದು, "ಜೋಳದ್ದೋ ಕಬ್ಬಿಂದೋ ಸಕ್ಕರೆ ಹುಳಿ ಬರಿಸಿ, ಅದರಿಂದ ಬರೋ ಆಮ್ಲದಿಂದ ಮಾಡ್ತಾರೆ. ಕೊನೆಗೆ ನೀರು, ಗಾಳಿ ಆಗಿ ಮೈಯಿಂದ ಹೊರಟೋಗ್ತದೆ" ಎಂದುಬಿಟ್ಟರು. ಮಂಡ್ಯ ಜಿಲ್ಲೆಯಲ್ಲಿ ನಿಂತು ಕಬ್ಬಿನ ಹೆಸರೆತ್ತಬಾರದೆಂದು ಯಾವ ವೈದ್ಯಕೀಯ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಪಕ್ಕದ ಮಂಚದವನು ಎದ್ದು ಕೂತು, ಯಾವ ಫ್ಯಾಕ್ಟರಿ ಕಬ್ಬು ಎಂದು ಕೇಳಿದ. ಇನ್ನೊಬ್ಬ, ಕಣ್ಣಿಗೆ ಸಕ್ಕರೆ ಇಟ್ಟರೆ ಶುಗರ್ ಕಾಯಿಲೆ ಕಣ್ಣಿಂದಲೇ ಶುರುವಾಗುತ್ತದೆಂದ. ನೋಡಲು ಬಂದಿದ್ದ ದೇವಿರಮ್ಮನಿಗೆ ಇರುವೆಗಳ ಚಿಂತೆ ಹತ್ತಿತು: "ಮಲಗಿದ್ದಾಗ ಮುತ್ಕಂಡ್ರೆ ಏನ್ ಗತಿ ಕಣವ್ವ?" ಮರಿಸಿದ್ದಯ್ಯ ಮಾತ್ರ ಕೊನೆಯ ಪದ ಹಿಡಿದುಕೊಂಡರು. "ಮತ್ತೆ ಗಾಳಿನಾ? ಗಾಳಿ ಬುಡಿಸೋಕೆ ಬಂದ್ರೆ ಇನ್ನೊಂದ್ ಗಾಳಿ ತುಂಬ್ತಾರೆ!"

ಗದ್ದಲದ ನಡುವೆ ಚಿಕ್ಕಮಾದು ಮೇಲೆ ನೋಡುತ್ತ ಮಲಗಿದ್ದ. ಒಂದರ ಮೇಲೊಂದು ಎರಡು ಟ್ಯೂಬ್‌ಲೈಟು. ಎಡಗಣ್ಣು ಮುಚ್ಚಿದರೆ ಒಂದು. ತೆರೆದರೆ ಎರಡು. ಆರು ದಿನದಿಂದ ಅವನು ಯಾರಿಗೂ ಹೇಳದೆ ಮಾಡುತ್ತಿದ್ದ ಪರೀಕ್ಷೆ ಇದು. ಏಟು ಬಿದ್ದಂದಿನಿಂದ ಜವರಯ್ಯ ಒಮ್ಮೆಯೂ ನೋಡಲು ಬಂದಿರಲಿಲ್ಲ. ಊರಲ್ಲಿ ಇವನ ಮನೆಯ ಮುಂದೆ ಹಾಯಬೇಕಾಗುತ್ತದೆಂದು ಹಿಂದಿನ ಓಣಿಯಲ್ಲಿ ಸುತ್ತಿ ಹೋಗುತ್ತಿದ್ದನಂತೆ. ಚಿಕ್ಕಮಾದುವಿಗೆ ಕಣ್ಣಿನ ನೋವಿಗಿಂತ ಅದೇ ಹೆಚ್ಚು ಕುಟುಕುತ್ತಿತ್ತು. ಬೇರೊಬ್ಬನನ್ನು ಲಾರಿಯ ಮೇಲೆ ಹತ್ತಿಸಿಕೊಂಡಿರಬೇಕು, ಹತ್ತು ದಿನಕ್ಕೆ ಮರೆತಿರಬೇಕು ಎಂದುಕೊಂಡ.

"ಡಾಕ್ಟ್ರಮ್ಮ," ಅಂದ. "ಒಂದ್ ಮಾತು. ಮೊದ್ಲು ಆಳೆ ಕರಗ್ತದಾ, ಮೊದ್ಲು ಮೂಳೆ ಬತ್ತದಾ?"

ಅರುಂಧತಿ ಅವನ ಕಡೆ ತಿರುಗಿ, ಸ್ಟೂಲ್ ಎಳೆದು ಕೂತರು. "ನಾಲ್ಕು ದಿನದಿಂದ ನಿಮ್ಮ ಕಡೆಯವರು ಕೇಳಿದ್ದರಲ್ಲಿ ಇದೊಂದೇ ಸರಿಯಾದ ಪ್ರಶ್ನೆ. ತಾರಸಿ ಹಾಕೋವಾಗ ಕೆಳಗೆ ಸೆಂಟ್ರಿಂಗ್ ಕೊಡ್ತಾರೆ ತಾನೆ? ಕಾಂಕ್ರೀಟು ಗಟ್ಟಿ ಆಗೋ ಮುಂಚೆ ತೆಗೀತಾರಾ?"

"ಇಲ್ಲ."

"ಇದೂ ಅಷ್ಟೆ. ಗಟ್ಟಿ ಆಗೋ ತನಕ ಹೊತ್ಕೊಂಡಿರ್ತದೆ. ಆಮೇಲೆ ನಿಧಾನಕ್ಕೆ ಹೋಗ್ತದೆ. ತೆಗೆಯೋಕೆ ಅಂತ ಮತ್ತೆ ಕೊಯ್ಯೋದು ಬೇಡ. ದೊಡ್ಡ ಬಿರುಕಾಗಿದ್ರೆ ನಾನೇ ಲೋಹ ಹಾಕ್ತಿದ್ದೆ. ನಿಂದು ಚಿಕ್ಕದು. ಕಾವಲಿಗೆ ಜನ್ಮಪೂರ್ತಿ ಕೂರೋನು ಬೇಕಿಲ್ಲ."

"ಕಣ್ಣು ಮೊದ್ಲಿನಂಗೆ ಆಯ್ತದಾ?"

"ಆಗಬಹುದು. ನೂರಕ್ಕೆ ನೂರು ಅಂತ ನಾನು ಸುಳ್ಳು ಹೇಳಲ್ಲ. ತೀರಾ ಮೇಲಕ್ಕೆ ನೋಡಿದ್ರೆ ಒಂಚೂರು ಎರಡು ಕಾಣೋದು ಉಳಿದರೂ ಉಳೀಬಹುದು. ಕೆನ್ನೆ ಜೋಮು ಹೋಗೋಕೆ ತಿಂಗಳುಗಟ್ಟಲೆ ಬೇಕು."

ಮರಿಸಿದ್ದಯ್ಯ ಮತ್ತೆ ಬಾಯಿ ತೆರೆದರು. ಇಷ್ಟು ಹೊತ್ತು ಕಿಟಕಿಯ ಬಳಿ ನಿಂತಿದ್ದ ಶ್ವೇತ, "ಅಪ್ಪ, ಸಾಕು ಬುಡು," ಅಂದಳು. "ನಿನ್ ಕಾಲಲ್ಲಿ ಉಕ್ಕು ಇರ್ಲಿ, ಯಾರೂ ಕಿತ್ಕಳಾಕಿಲ್ಲ. ಇವ್ರಿಗೆ ಕಣ್ಣು ನೆಟ್ಗೆ ಕಾಣ್ಬೇಕು, ಅಷ್ಟೇ ನಂಗೆ ಬೇಕಾಗಿರೋದು." ಮಂಚದ ಮೇಲಿದ್ದ ಆಪರೇಷನ್ನಿನ ಒಪ್ಪಿಗೆ ಕಾಗದವನ್ನು ಎತ್ತಿ ಗಂಡನ ಕೈಗೆ ಕೊಟ್ಟಳು. ಚಿಕ್ಕಮಾದು ಎಡಗಣ್ಣು ಮುಚ್ಚಿ, ಸಹಿ ಮಾಡುವ ಗೆರೆ ಒಂದೇ ಎಂದು ಖಚಿತಪಡಿಸಿಕೊಂಡು, ಸಹಿ ಹಾಕಿದ.

ಆಪರೇಷನ್ ಹನ್ನೊಂದನೆಯ ದಿನ ಆಯಿತು. ಕೆಳರೆಪ್ಪೆಯ ಒಳಬದಿಯಿಂದ ಕೊಯ್ದಿದ್ದರಿಂದ ಹೊರಗೆ ಒಂದು ಗೀರೂ ಇರಲಿಲ್ಲ. ಇದು ನೆಂಟರಿಗೆ ಭಾರಿ ನಿರಾಸೆ ತಂದಿತು. ಹಣ್ಣು ಹಿಡಿದು ಬಂದವರು ಹೊಲಿಗೆ ಎಷ್ಟು ಎಂದು ಕೇಳಿ, ಕಾಣುವಂಥದ್ದೇನೂ ಇಲ್ಲವೆಂದು ತಿಳಿದು, ನಿಜವಾಗಿಯೂ ಆಪರೇಷನ್ ಮಾಡಿದರೋ ಇಲ್ಲವೋ ಎಂದು ಮೆಟ್ಟಿಲ ಬಳಿ ಮಾತಾಡಿಕೊಂಡು ಹೋದರು.

ವಾರದ ಹೊತ್ತಿಗೆ ಊತ ಇಳಿಯಿತು. ಒಂದು ಬೆಳಿಗ್ಗೆ ಕಣ್ಣುಬಿಟ್ಟಾಗ ಎದುರಿಗೆ ಒಬ್ಬಳೇ ಶ್ವೇತ ಇದ್ದಳು. ಚಿಕ್ಕಮಾದು ಅವಳನ್ನು ಬಹಳ ಹೊತ್ತು ನೋಡಿದ.

"ಏನು?" ಅಂದಳು.

"ಇನ್ನೊಬ್ಳು ಓಯ್ತು."

"ಓಗ್ಲಿ. ಅಡುಗೆ ಮಾಡೋಕೆ ಅವ್ಳೇನೂ ಕೈ ಹಾಕ್ತಿರ್ಲಿಲ್ಲ," ಎಂದು ಶ್ವೇತ ಬೆನ್ನು ತಿರುಗಿಸಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಕಣ್ಣು ಮೇಲೆತ್ತಿದರೆ ಇನ್ನೂ ಎರಡು ಕಾಣುತ್ತಿತ್ತು. ಅದಕ್ಕೆ ಡಾಕ್ಟರು ಕಸರತ್ತು ಹೇಳಿಕೊಟ್ಟಿದ್ದರು. ತಲೆ ಅಲ್ಲಾಡಿಸದೆ, ಕಣ್ಣನ್ನು ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ, ದಿನಕ್ಕೆ ಹಲವು ಸಲ. ಚಿಕ್ಕಮಾದು ಬೆಳಿಗ್ಗೆ ಜಗಲಿಯ ಮೇಲೆ ಕೂತು ನಿಷ್ಠೆಯಿಂದ ಮಾಡಿದ. ಅದೇ ಹೊತ್ತಿಗೆ ಹೆಂಗಸರು ನೀರಿಗೆ ಹೋಗುತ್ತಿದ್ದರು. ಮೂರನೆಯ ದಿನ ಶ್ವೇತಳಿಗೆ ದೂರು ಬಂತು: "ನಿನ್ ಗಂಡ ನಮ್ಮನ್ನ ಅಡಿಯಿಂದ ಮುಡೀತನಕ ನೋಡ್ತಾನೆ ಕಣಮ್ಮ, ಅದೂ ಒಂದ್ಸಲ ಅಲ್ಲ, ಇಪ್ಪತ್ತು ಸಲ." ಅಂದಿನಿಂದ ಕಸರತ್ತು ಹಿತ್ತಲಿಗೆ ಸ್ಥಳಾಂತರವಾಯಿತು. ಅಲ್ಲಿ ನೋಡುವುದಕ್ಕೆ ಎಮ್ಮೆ ಒಂದೇ ಇತ್ತು. ಅದು ದೂರು ಕೊಡಲಿಲ್ಲ.

ಹಬ್ಬಕ್ಕೆ ಬಂದ ಮರಿಸಿದ್ದಯ್ಯ ಅಳಿಯನನ್ನು ಬೆಳಕಿಗೆ ತಿರುಗಿಸಿ ಕೂರಿಸಿ, ಕೆನ್ನೆ ಒತ್ತಿ, "ಎಲ್ಲದೆ?" ಎಂದರು. "ಒಳಗದೆ ಮಾವ." "ಕೈಗೇ ಸಿಕ್ತಿಲ್ವಲ್ಲ." "ಕೈಗೆ ಸಿಗೋಕಲ್ಲ, ಕಣ್ಣಿಗೆ ಆಕಿರೋದು." ಮರಿಸಿದ್ದಯ್ಯ ಒಬ್ಬಟ್ಟು ತಿನ್ನುವವರೆಗೂ ಅಳಿಯನ ಬಗ್ಗೆ ಮರುಕಪಟ್ಟರು. ಆಪರೇಷನ್ ಮಾಡಿಸಿಕೊಂಡೂ ತೋರಿಸಲು ಏನೂ ಇಲ್ಲದ ಮನುಷ್ಯನ ದೌರ್ಭಾಗ್ಯ ಅವರಿಗೆ ಊಹಿಸಲೂ ಆಗುತ್ತಿರಲಿಲ್ಲ.

ಐದನೆಯ ತಿಂಗಳಲ್ಲಿ ಡಾಕ್ಟರು ಕೆಲಸಕ್ಕೆ ಹೋಗಬಹುದೆಂದರು. ಕಣ್ಣಿಗೆ ಕಾಪು ಕೊಡುವ ದಪ್ಪ ಕನ್ನಡಕ ಹಾಕಿಕೊಂಡೇ ಹತ್ತಬೇಕು ಎಂದೂ ಹೇಳಿದರು. ಚಿಕ್ಕಮಾದು ಬೆಳಿಗ್ಗೆಯ ರೈಲಿಗೆ ಮದ್ದೂರಿಗೆ ಹೋದ. ಮಾರುಕಟ್ಟೆಯವರು ಅವನನ್ನು ಸಂತೋಷದಿಂದಲೇ ಬರಮಾಡಿಕೊಂಡರು. ವಿಡಿಯೋದಲ್ಲಿದ್ದವನು ನೀನೇ ತಾನೆ ಎಂದು ಹೊಸಬರಿಬ್ಬರು ಬಂದು ಫೋಟೋ ತೆಗೆಸಿಕೊಂಡರು. ಜವರಯ್ಯ ಕಾಣಲಿಲ್ಲ. ಕೇಳಿದರೆ, ಅವನು ಎಸೆಯುವುದು ಬಿಟ್ಟು ಐದು ತಿಂಗಳಾಯಿತು, ಅತ್ತ ನೆರಳಲ್ಲಿ ಕೂತು ಬರಿದೇ ಕಾಯಿ ವಿಂಗಡಿಸುತ್ತಾನೆ ಎಂದರು.

ಚಿಕ್ಕಮಾದು ಹೋಗಿ ಎದುರು ನಿಂತ. ಜವರಯ್ಯ ತಲೆಯೆತ್ತಲಿಲ್ಲ.

"ಎದ್ದೇಳು, ಲಾರಿ ಕಾಯ್ತದೆ."

"ನಾನು ಎಸಿಯಾಕಿಲ್ಲ ಕಣ್ಲಾ."

"ಯಾಕೆ?"

"ಕೈ ಬರಾಕಿಲ್ಲ. ಕಾಯಿ ಎತ್ತುದ್ರೆ ನಿನ್ ಮಕ ಕಾಣ್ತದೆ." ಕೈಯಲ್ಲಿದ್ದ ಕಾಯಿಯನ್ನು ರಾಶಿಗಿಟ್ಟು, "ಆಸ್ಪತ್ರೆ ಬಾಗ್ಲುತನಕ ಎಲ್ಡು ಸಲ ಬಂದಿದ್ದೆ. ಒಳೀಕೆ ಬರಾಕೆ ಮನಸಾಗ್ಲಿಲ್ಲ" ಅಂದ.

ಹತ್ತೊಂಬತ್ತು ವರ್ಷದಲ್ಲಿ ಇಬ್ಬರೂ ಕಾಯಿ ಬಿಟ್ಟು ಇಷ್ಟು ಮಾತಾಡಿರಲಿಲ್ಲ. ಚಿಕ್ಕಮಾದು, "ತೆಪ್ಪು ನಂದು. ಅಲ್ಲು ಕಿಸ್ಕಂಡು ಕ್ಯಾಮೆರಾ ನೋಡ್ದೋನು ನಾನು. ಎದ್ದೇಳ್ಲಾ" ಎಂದು ಬಲವಂತವಾಗಿ ರಟ್ಟೆ ಹಿಡಿದು ಎಬ್ಬಿಸಿದ.

ಲಾರಿ ಹತ್ತಿ ನಿಂತ. ಕೆಳಗೆ ಜವರಯ್ಯ ಒಂದೇ ಒಂದು ಕಾಯಿಯನ್ನು ಎರಡು ಕೈಯಲ್ಲಿ ಹಿಡಿದು, ಮದುವಣಗಿತ್ತಿಗೆ ತಾಂಬೂಲ ಕೊಡುವ ಹಾಗೆ ಮೆಲ್ಲಗೆ ತೂರಿದ. ಅದು ಅರ್ಧ ದಾರಿಗೆ ಬಂದು ಜವರಯ್ಯನ ಕಾಲಬುಡಕ್ಕೇ ಬಿತ್ತು. ಎರಡನೆಯದೂ ಹಾಗೇ. ಸುತ್ತಲಿನವರು ನಕ್ಕರು. ಚಿಕ್ಕಮಾದುವಿಗೆ ಮೈ ಉರಿಯಿತು.

"ಏಯ್, ಎಸೀಲಾ! ನಾನೇನ್ ಬಾಣಂತಿನಾ? ಜೋಡಿ ಎಸಿ!"

ಜವರಯ್ಯ ಹಲ್ಲು ಕಚ್ಚಿ ಜೋಡಿ ಎಸೆದ. ಕಾಯಿಗಳು ಏರಿ, ಚಿಕ್ಕಮಾದುವಿನ ತಲೆಯ ಮಟ್ಟಕ್ಕಿಂತ ಮೇಲೆ ಒಂದು ಗಳಿಗೆ ನಿಂತ ಹಾಗಾದವು. ಅಲ್ಲಿ, ಆ ಎತ್ತರದಲ್ಲಿ, ಅವು ನಾಲ್ಕಾದವು. ಚಿಕ್ಕಮಾದು ಕೈ ಚಾಚದೆ ನಿಂತ. ಕಾಯಿ ಇಳಿಯತೊಡಗಿದಾಗ ನಾಲ್ಕು ಮತ್ತೆ ಎರಡಾದವು. ಎದೆಯ ಮಟ್ಟಕ್ಕೆ ಬರುವವರೆಗೆ ಕಾದು ಹಿಡಿದ. ಎರಡೂ ಕೈಗೆ ಸಿಕ್ಕವು.

ಅಂದಿನಿಂದ ಅವನ ವಿದ್ಯೆ ಬದಲಾಯಿತು. ಮೊದಲು ಮೇಲೆಯೇ ಕಿತ್ತುಕೊಳ್ಳುತ್ತಿದ್ದವನು ಈಗ ಕಾಯಿಯನ್ನು ಇಳಿಯಲು ಬಿಟ್ಟು ಹಿಡಿಯುತ್ತಿದ್ದ. ಅದರಿಂದ ಕೆಲಸ ನಿಧಾನವಾಯಿತು. ಲಾರಿ ಡ್ರೈವರುಗಳು ಗೊಣಗಿದರು. ಟೀ ಅಂಗಡಿಯ ಮುಂದೆ ಅವನು, "ಕಾಯೀನ ಒಸಿ ದಣಿಯಾಕೆ ಬುಟ್ಟು ಇಡೀಬೇಕು ಕಣ್ರಲಾ, ಅದೇ ನಿಜವಾದ ಪಟ್ಟು" ಎಂದು ಉಪದೇಶಿಸಿದ. ಸದ್ದು ಕೇಳಿ ಹಿಡಿಯುವ ಸಿದ್ಧಾಂತವನ್ನು ಅವನಾಗಲಿ, ಕೇಳುಗರಾಗಲಿ ನೆನಪಿಸಿಕೊಳ್ಳಲಿಲ್ಲ.

ಒಂದೂವರೆ ವರ್ಷದ ಮೇಲೆ ಡಾಕ್ಟರು ಕೊನೆಯ ಸ್ಕ್ಯಾನಿಗೆ ಕರೆದರು. ಚಿತ್ರ ತೋರಿಸಿ, "ಇಲ್ಲಿ ನೋಡು, ಅಟ್ಟ ಕೂಡಿಕೊಂಡದೆ" ಎಂದರು. ತೆಳುವಾದ ಒಂದು ಬಿಳಿ ಗೆರೆ. ಹಾಳೆ ಎಲ್ಲಿ ಎಂದು ಕೇಳಿದ. ಇಲ್ಲ, ಕರಗಿಹೋಗಿದೆ ಎಂದರು. ಚಿಕ್ಕಮಾದುವಿಗೆ ಯಾಕೋ ಪಿಚ್ಚೆನಿಸಿತು. ಹದಿನೆಂಟು ತಿಂಗಳು ಕಣ್ಣನ್ನು ಹೊತ್ತುಕೊಂಡಿದ್ದದ್ದು ಹೇಳದೆ ಕೇಳದೆ ಹೊರಟುಹೋಗಿತ್ತು. ಯಾವ ದಿನ ಹೋಯಿತೆಂದು ಡಾಕ್ಟರಿಗೂ ಗೊತ್ತಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ಕೆನ್ನೆ ಕಪ್ಪಾಗಿ, ಎಡಗಣ್ಣು ಊದಿಕೊಂಡ ಹೆಂಗಸೊಬ್ಬರು ಕೂತಿದ್ದರು. ಮಳವಳ್ಳಿ ತಾಲ್ಲೂಕಿನ ಪಟ್ಟಲಮ್ಮ, ಅರವತ್ತರ ಆಸುಪಾಸು. ಹಾಲು ಕರೆಯುವಾಗ ಹಸು ತಲೆ ಕೊಡವಿ, ಕೊಂಬು ಮುಖಕ್ಕೆ ಬಡಿದಿತ್ತು. ಪಕ್ಕದಲ್ಲಿ ಅವರ ಮಗ ಜಯಪ್ರಕಾಶ್ ನರ್ಸಿನ ಜೊತೆ ಜಗಳವಾಡುತ್ತಿದ್ದ: "ಕರಗೋದೆಲ್ಲ ಬ್ಯಾಡ, ನಮ್ಮವ್ವಂಗೆ ಒಳ್ಳೇ ಸ್ಟೀಲೇ ಆಕಿ."

ಚಿಕ್ಕಮಾದು ಹೊರಟಿದ್ದವನು ನಿಂತ. ಬೆಂಚಿನ ಆ ತುದಿಗೆ ಕೂತು, ಕಾಲ ಮೇಲೆ ಕಾಲು ಹಾಕಿ, ತನ್ನ ಜೀವನದ ಮೊದಲ ವೈದ್ಯಕೀಯ ಉಪನ್ಯಾಸವನ್ನು ಶುರುಮಾಡಿದ. ಹಾಳೆಯನ್ನು ಕಬ್ಬಿನ ಹಾಲಿನಿಂದ ಎರಕ ಹೊಯ್ಯುತ್ತಾರೆ ಎಂದ. ಅದನ್ನು ಕಣ್ಣಿನ ಕೆಳಗೆ ಮೊಳೆ ಹೊಡೆಯದೆ, ಬರೀ ದೇವರ ಮೇಲೆ ಭಾರ ಹಾಕಿ ಇಡುತ್ತಾರೆ ಎಂದ. ಉಕ್ಕು ಹಾಕಿದರೆ ಬೇಸಿಗೆಯಲ್ಲಿ ಕಾದು ಕಣ್ಣು ಬೇಯುತ್ತದೆ, ಗುಡುಗು ಬಂದಾಗ ಸಿಡಿಲಿಗೂ ಅಪಾಯ ಎಂದ. ಜಯಪ್ರಕಾಶ್ ಜಗಳ ಮರೆತು ಬಾಯಿ ತೆರೆದು ಕೇಳಿದ. ಬಾಗಿಲಲ್ಲಿ ಬಂದು ನಿಂತಿದ್ದ ಅರುಂಧತಿಯನ್ನು ಉಪನ್ಯಾಸಕರು ಗಮನಿಸಲಿಲ್ಲ.

ಪಟ್ಟಲಮ್ಮನಿಗೆ ಇದ್ಯಾವುದೂ ಬೇಕಿರಲಿಲ್ಲ. "ಮಗಾ, ಈಗ ನಿಂಗೆ ಕಣ್ಣೊಳಗೆ ಏನಾರ ಅನ್ನಿಸ್ತದಾ?" ಎಂದು ಕೇಳಿದರು.

ಚಿಕ್ಕಮಾದು ಮಾತು ನಿಲ್ಲಿಸಿದ. ಕಣ್ಣನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಆಡಿಸಿ ನೋಡಿದ. ಕೆನ್ನೆ ಮುಟ್ಟಿಕೊಂಡ.

"ಏನೂ ಅನ್ಸಾಕಿಲ್ಲ ಕಣವ್ವ," ಅಂದ. "ಮ್ಯಾಕೆ ನೋಡುದ್ರೆ ಮಾತ್ರ ಒಂಚೂರು ಎಲ್ಡು ಕಾಣ್ತದೆ. ಅದುಕ್ಕೆ ನಾನು ಮ್ಯಾಕೆ ಜಾಸ್ತಿ ನೋಡಾಕಿಲ್ಲ."

"ನಾನು ಹಾಲು ಕರಿಯೋಳು. ಮ್ಯಾಕೆ ನೋಡಿ ನಂಗೇನಾಗ್ಬೇಕು?" ಎಂದು ಪಟ್ಟಲಮ್ಮ ಮಗನ ಕೈಯಿಂದ ಕಾಗದ ಕಿತ್ತುಕೊಂಡು, ಪೆನ್ನು ಕೇಳಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.

ಅರುಂಧತಿ ಮುಂದೆ ಬಂದು ಕಾಗದ ತೆಗೆದುಕೊಂಡರು. "ಚಿಕ್ಕಮಾದಣ್ಣ, ಹತ್ತು ಮಾತು ಹೇಳಿದೆ. ಅದರಲ್ಲಿ ಎರಡು ಸರಿ."

"ಯಾವುವು ಡಾಕ್ಟ್ರಮ್ಮ?"

"ಕೊನೇಲಿ ಹೇಳಿದ್ದು ಎರಡು. ಹೋಗು ಈಗ, ರೈಲು ತಪ್ತದೆ."

ರೈಲು ಆಗಲೇ ತಪ್ಪಿತ್ತು. ಚಿಕ್ಕಮಾದು ಬಸ್ ಸ್ಟ್ಯಾಂಡಿಗೆ ನಡೆದು, ಮದ್ದೂರಿನ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತ. ಪಕ್ಕದಲ್ಲಿ ಕೂತವನಿಗೆ ಆಸ್ಪತ್ರೆಯಿಂದ ಬಂದೆ ಎಂದ. ಏನು ತೊಂದರೆ ಎಂದು ಅವನು ಕೇಳಿದ. ಏನೂ ಇಲ್ಲ ಎಂದು ಸ್ಕ್ಯಾನಿನಲ್ಲಿ ಬಂದಿದೆ ಎಂದು ಚಿಕ್ಕಮಾದು ಹೇಳಿದ. ಅಷ್ಟಕ್ಕೆ ಸುಮ್ಮನಾಗುವವನು ಅವನಲ್ಲ. ಹನಕೆರೆ ಬರುವ ತನಕ ವಿವರಿಸಿದ.